ಮೀನಿನ ಗಾಡಿಯ ಲೈಟು, ನಮ್ಮ ಕಾರಿನ ಲೈಟು: ದೇವಿಮನೆ ಘಟ್ಟದ ಒಂದು ಪ್ರಕರಣ

ಕಳೆದ ಡಿಸೆಂಬರ್‌ನಲ್ಲಿ ಒಂದು ದಿನ, ಬೆಳಗಿನ ಜಾವ ನಾಲ್ಕೂಕಾಲರ ಹೊತ್ತು. ಶಿರಸಿಯಿಂದ ಕುಮಟಾಕ್ಕೆ ಇಳಿಯುತ್ತಿದ್ದ ನಮ್ಮ ಕಾರಿನ ಎಡಗಡೆಯ ಎರಡೂ ಚಕ್ರಗಳು ದೇವಿಮನೆ ಘಟ್ಟದ ತಿರುವೊಂದರಲ್ಲಿ ಚರಂಡಿಗೆ ಇಳಿದವು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಪೇಪರಿನಲ್ಲಿ ಬರುವಂಥ ಸುದ್ದಿಯೂ ಅಲ್ಲ. ಆದರೂ ಇದನ್ನು ಪೂರ್ತಿಯಾಗಿ ಬರೆದಿಡಬೇಕು ಅನ್ನಿಸಿತು. ಯಾಕೆಂದರೆ ಅವತ್ತು ಚರಂಡಿಯಲ್ಲಿ ನಿಂತುಕೊಂಡು ನಾವು ಮಾಡಿದ ತೀರ್ಮಾನ ಅರ್ಧ ಮಾತ್ರ ಸರಿಯಾಗಿತ್ತು. ಉಳಿದರ್ಧ ಗೊತ್ತಾಗಲು ಎರಡು ತಿಂಗಳು ಬೇಕಾಯಿತು.

ಕಾರು ಓಡಿಸುತ್ತಿದ್ದವರು ನನ್ನ ಅಕ್ಕನ ಗಂಡ. ಅವರಿಗೆ 61 ವರ್ಷ. ನಮ್ಮಲ್ಲಿ ಅವರು ನನಗೆ ಭಾವ, ನಾನೂ ಅವರಿಗೆ ಭಾವ. ನಾನು ಪಕ್ಕದ ಸೀಟಿನಲ್ಲಿದ್ದೆ. ಹಿಂದೆ ಅಕ್ಕ ಮತ್ತು ನನ್ನ ಹೆಂಡತಿ. ಮಗಳ ಬಾಣಂತನಕ್ಕೆಂದು ಅಕ್ಕ ಮುಂಬೈಗೆ ಹೊರಟಿದ್ದಳು. ಡಿಕ್ಕಿ ತುಂಬಿ ತುಳುಕುತ್ತಿತ್ತು. ತೆಂಗಿನೆಣ್ಣೆಯ ಡಬ್ಬಿ, ಹಳೆ ಅಕ್ಕಿ, ಲೇಹ್ಯ, ಹಪ್ಪಳದ ಕಟ್ಟು, ತೊಟ್ಟಿಲಿನ ಕಬ್ಬಿಣದ ಕೊಂಡಿ ಕೂಡ. ಈ ಡಿಕ್ಕಿಯ ವಿಷಯ ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಭಾವ ಈ ಘಟ್ಟವನ್ನು ಮೂವತ್ತು ವರ್ಷದಿಂದ ಹತ್ತಿ ಇಳಿದವರು. ಜೋರಾಗಿ ಓಡಿಸುವವರಲ್ಲ. ಆಗಲೂ ಸ್ಪೀಡು ಗಂಟೆಗೆ 40 ಕಿ.ಮೀ. ಒಳಗೇ ಇತ್ತು. ತೆಳ್ಳಗೆ ಮಂಜು ಇತ್ತು. ರಸ್ತೆ ಅಗಲ ಮಾಡುವ ಕೆಲಸ ನಡೆದಿದ್ದ ಜಾಗ ಅದು. ಡಾಂಬರು ಹೊಸದು, ಕಪ್ಪಗೆ ಹೊಳೆಯುತ್ತಿತ್ತು. ಅಂಚಿಗೆ ಬಿಳಿ ಗೆರೆ ಇನ್ನೂ ಎಳೆದಿರಲಿಲ್ಲ.

ತಿರುವು ನಮಗೆ ಬಲಕ್ಕೆ. ಗುಡ್ಡದ ನಡುವೆ ಹಳ್ಳ ಒಳಗೆ ಬರುವ ಕಡೆ ರಸ್ತೆ ಬಾಗುತ್ತದಲ್ಲ, ಅಂಥದ್ದು. ಹಾಗಾಗಿ ನಮ್ಮ ಎಡಕ್ಕೆ ಗುಡ್ಡ, ಗುಡ್ಡದ ಬುಡದಲ್ಲಿ ಚರಂಡಿ. ಮುಂದಿನ ತಿರುವು ಗುಡ್ಡದ ಮೂಗನ್ನು ಸುತ್ತಿ ಹೋಗುತ್ತದೆ. ಅಲ್ಲಾಗಿದ್ದರೆ ಹೊರಗಡೆ ಇರುತ್ತಿದ್ದುದು ಕಣಿವೆ. ಇದನ್ನು ನೆನೆದರೆ ಈಗಲೂ ನನಗೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ಎದುರಿನಿಂದ ಗಾಡಿ ಬರುವುದು ಮೊದಲು ಗೊತ್ತಾಗಿದ್ದು ಮರಗಳಿಂದ. ಮೇಲಿನ ಕೊಂಬೆಗಳ ಮೇಲೆ ಬೆಳಕು ಹರಿದಾಡಿತು. ಭಾವ ಆಗಲೇ ಡಿಪ್ ಮಾಡಿದರು, ಅಂದರೆ ದೂರಕ್ಕೆ ಬೀಳುವ ಹೈ ಬೀಮ್ ಬಿಟ್ಟು ತಗ್ಗಿದ ಲೋ ಬೀಮಿಗೆ ಬಂದರು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ, ಡ್ಯಾಶ್‌ಬೋರ್ಡಿನ ನೀಲಿ ದೀಪ ಆರಿತು. ಎದುರಿನವನು ಎರಡು ಸಲ ಲೈಟು ಮಿನುಗಿಸಿದ. 'ಡಿಪ್ ಮಾಡಿದ್ದೆ ಮಾರಾಯ' ಎನ್ನುತ್ತಾ ಭಾವ ತಾವೂ ಒಂದು ಸಲ ಮಿನುಗಿಸಿ ತೋರಿಸಿದರು. ಆಗ ಎದುರಿನ ಗಾಡಿಯ ಬಂಪರ್ ಮೇಲೆ ಇನ್ನೂ ಒಂದು ಸಾಲು ದೀಪ ಹತ್ತಿಕೊಂಡಿತು. ಬೆಳ್ಳಗೆ, ನೀಲಿ ಅಂಚಿನ ಬೆಳಕು. ಗಾಜಿನ ತುಂಬ ಬಿಳಿ ಬಟ್ಟೆ ಹರವಿದ ಹಾಗಾಯಿತು. ರಸ್ತೆಯೂ ಇಲ್ಲ, ಗುಡ್ಡವೂ ಇಲ್ಲ. ಭಾವ ಬ್ರೇಕ್ ಒತ್ತಿ ಸ್ವಲ್ಪ ಎಡಕ್ಕೆ ತೆಗೆದುಕೊಂಡರು. ಅಷ್ಟೇ, ಧಡ್ ಅಂತ ಕಾರು ವಾಲಿತು.

ಎಡ ಮುಂದಿನ ಟೈರು ಒಡೆಯಿತು. ರಿಮ್ ಬಾಗಿತು, ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮ್ ಕೂಡ ಬಾಗಿತು. ಹಿಂದೆ ಕೂತವರು ಬೆಲ್ಟ್ ಹಾಕಿರಲಿಲ್ಲ. ನನ್ನ ಹೆಂಡತಿಯ ಹಣೆ ಮುಂದಿನ ಸೀಟಿಗೆ ಬಡಿಯಿತು, ಅಕ್ಕನ ಮೊಣಕಾಲು ಊದಿಕೊಂಡಿತು. ರೈಲು ತಪ್ಪಿತು. ಭಾವ ಸ್ಟಿಯರಿಂಗ್ ಹಿಡಿದೇ ಕೂತಿದ್ದರು. 'ಎಂಗೆ ರಸ್ತೆನೇ ಕಂಡಿದ್ದಿಲ್ಲೆ ಭಾವ' ಅಂತ ಮೂರು ಸಲ ಹೇಳಿದರು.

ಎದುರಿನ ಗಾಡಿ ನಿಂತಿತು. ಮೀನು ತುಂಬಿದ ಪಿಕಪ್. ತದಡಿ ಬಂದರಿನಿಂದ ಶಿರಸಿ ಮಾರ್ಕೆಟಿಗೆ ಹೊರಟಿತ್ತು. ಡ್ರೈವರ್ ಇಳಿದು ಓಡಿ ಬಂದ. ಹಗ್ಗ ಕಟ್ಟಿ ಎಳೆದವನೂ ಅವನೇ, ಅಕ್ಕನಿಗೆ ನೀರು ಕೊಟ್ಟವನೂ ಅವನೇ. ಐಸು ಕರಗುತ್ತಿದ್ದರೂ ಒಂದು ಗಂಟೆ ನಮ್ಮ ಜೊತೆ ನಿಂತ. ಆದರೂ ನಾನು ಅವನಿಗೆ ಜೋರು ಮಾಡಿದೆ. ಅವನು ಎದುರು ಮಾತಾಡಲಿಲ್ಲ. ನಂಬರು ಕೊಟ್ಟು ಹೋದ.

ಗ್ಯಾರೇಜಿನ ಗೋಡೆ

ಮನೆಯಲ್ಲಿ, ಊರಲ್ಲಿ, ಎಲ್ಲರ ಬಾಯಲ್ಲೂ ಒಂದೇ ಮಾತು. 'ಈ ಮೀನಿನ ಗಾಡಿಯವರ ಲೈಟು ಇದ್ಯಲ್ಲ, ಅದೇ ಎಲ್ಲದಕ್ಕೂ ಕಾರಣ.' ದೂರು ಕೊಡುವ ಮಾತೂ ಬಂತು. ನಾನೂ ಒಪ್ಪಿದ್ದೆ.

ಮೂರನೇ ದಿನ ಶಿರಸಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಒಂದು ಪ್ರಶ್ನೆ ಕೇಳಿದರು. 'ಸರ್, ಈ ಲೈಟು ಯಾರು ಹಾಕಿದ್ದು?' ಭಾವ ಆರು ತಿಂಗಳ ಹಿಂದೆ ಹಾಕಿಸಿದ್ದರು. ಕಂಪನಿಯಿಂದ ಬಂದ ಹ್ಯಾಲೋಜನ್ ಬಲ್ಬ್ ತೆಗೆದು, ಅದೇ ಡೂಮಿನಲ್ಲಿ, ಅಂದರೆ ಹೆಡ್‌ಲೈಟಿನ ಅದೇ ಗೂಡಿನಲ್ಲಿ, ಎಲ್‌ಇಡಿ ಬಲ್ಬ್. ಜೋಡಿಗೆ 1,800 ರೂಪಾಯಿ. ಹಾಕಿಸಿದ ದಿನ ಭಾವನಿಗೆ ಬಹಳ ಖುಷಿಯಾಗಿತ್ತು. ರಾತ್ರಿ ಕಣ್ಣು ಸ್ವಲ್ಪ ಮಂದ ಆಗ್ತಿದೆ ಅನ್ನಿಸಿಯೇ ಹಾಕಿಸಿದ್ದು. ಕಾರಿನ ಮುಂದೆ ಹಗಲಿನ ಹಾಗೆ ಕಾಣ್ತದೆ ಅಂತ ನನಗೂ ಕರೆದು ತೋರಿಸಿದ್ದರು.

ಮೆಕ್ಯಾನಿಕ್ ಕಾರನ್ನು ಗೋಡೆಯಿಂದ 25 ಅಡಿ ದೂರ ನಿಲ್ಲಿಸಿ ಶಟರ್ ಎಳೆದರು. ಒಳಗೆ ಕತ್ತಲೆ. ಲೋ ಬೀಮ್ ಹಾಕಿದರು. ಪಕ್ಕದಲ್ಲಿ ಬೇರೆಯವರ ಒಂದು ಕಾರು ಇತ್ತು, ಅದೇ ಮಾಡೆಲ್, ಕಂಪನಿ ಬಲ್ಬ್. ಅದರದ್ದೂ ಹಾಕಿದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಬೆಳಕು, ಕನ್ನಡಿ, ಪ್ರತಿಫಲನ ಅಂತ ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಆದರೆ ಆ ಗೋಡೆಯ ಮೇಲೆ ಕಂಡಿದ್ದನ್ನು ಅಲ್ಲಿಯವರೆಗೆ ಒಮ್ಮೆಯೂ ಯೋಚಿಸಿರಲಿಲ್ಲ.

ಆ ಕಾರಿನ ಬೆಳಕಿಗೆ ಮೇಲೆ ಒಂದು ಗೆರೆ ಇತ್ತು. ಗೆರೆಯ ಕೆಳಗೆ ಬೆಳಕು, ಮೇಲೆ ಕತ್ತಲೆ. ಬಲಗಡೆ ಗೆರೆ ನೆಟ್ಟಗೆ, ಎಡಗಡೆ ಸ್ವಲ್ಪ ಮೇಲಕ್ಕೆ ಏರಿತ್ತು. ನಾವು ರಸ್ತೆಯ ಎಡಕ್ಕೆ ಹೋಗುವವರು. ಎದುರಿನವರು ಬರುವುದು ಬಲಗಡೆಯಿಂದ. ಅಲ್ಲಿ ಬೆಳಕು ತಗ್ಗಿರಬೇಕು. ಎಡಗಡೆ ನಡೆದು ಹೋಗುವವರು, ಮೈಲಿಗಲ್ಲು, ದನ ಕಾಣಬೇಕು. ಅಲ್ಲಿ ಸ್ವಲ್ಪ ಏರಬಹುದು. ಲೋ ಬೀಮ್ ಅಂದರೆ ಬರೀ ಕಡಿಮೆ ಬೆಳಕಲ್ಲ, ಕತ್ತರಿಸಿದ ಬೆಳಕು.

ನಮ್ಮ ಕಾರಿನ ಬೆಳಕಿಗೆ ಗೆರೆಯೇ ಇರಲಿಲ್ಲ. ಗೋಡೆಯಿಂದ ಹಿಡಿದು ಮಾಡಿನ ತನಕ ಬೆಳಕು ಎರಚಿತ್ತು.

ಇದಕ್ಕೆ ಕಾರಣ ಬಲ್ಬಿನ ಒಳಗಿದೆ. ನಮ್ಮಲ್ಲಿ ಬಹಳ ಕಾರು, ಪಿಕಪ್‌ಗಳಲ್ಲಿ ಇರುವುದು ಎಚ್4 ಅನ್ನುವ ಹ್ಯಾಲೋಜನ್ ಬಲ್ಬ್. ಅದರಲ್ಲಿ ಎರಡು ತಂತಿ. ಹೈ ಬೀಮಿಗೆ 60 ವಾಟ್, ಲೋ ಬೀಮಿಗೆ 55 ವಾಟ್. ಲೋ ಬೀಮಿನ ತಂತಿಯ ಅಡಿಗೆ ಚಮಚದಂಥ ಒಂದು ಪುಟ್ಟ ತಗಡು ಇದೆ. ತಂತಿಯ ಬೆಳಕು ರಿಫ್ಲೆಕ್ಟರಿನ, ಅಂದರೆ ಬಲ್ಬಿನ ಹಿಂದಿನ ಹೊಳೆಯುವ ಬಟ್ಟಲಿನ, ಕೆಳಗಿನ ಭಾಗಕ್ಕೆ ಬೀಳದ ಹಾಗೆ ಅದು ತಡೆಯುತ್ತದೆ. ಕೆಳಭಾಗಕ್ಕೆ ಬಿದ್ದ ಬೆಳಕು ಮೇಲಕ್ಕೆ ಚಿಮ್ಮುತ್ತದೆ, ಅದಕ್ಕೇ ಈ ತಡೆ. ರಿಫ್ಲೆಕ್ಟರಿನ ಒಂದೊಂದು ಮಡಿಕೆಯನ್ನೂ ಆ ತಂತಿ ಎಲ್ಲಿದೆ ಅನ್ನುವ ಲೆಕ್ಕದಲ್ಲೇ ಮಾಡಿರುತ್ತಾರೆ. ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಲೆಕ್ಕ ತಪ್ಪುತ್ತದೆ. ಅಲ್ಲಿಗೆ ಎಲ್‌ಇಡಿ ಹಾಕಿದರೆ ತಂತಿಯ ಜಾಗದಲ್ಲಿ ಪಟ್ಟಿಯ ಎರಡು ಬದಿಗೆ ಅಂಟಿಸಿದ ಚಿಪ್‌ಗಳು ಬರುತ್ತವೆ. ಬೆಳಕು ಹುಟ್ಟುವ ಜಾಗ ಬೇರೆ, ಆಕಾರ ಬೇರೆ, ಹರಡುವ ದಿಕ್ಕೂ ಬೇರೆ. ನಮ್ಮ ಬಲಗಡೆಯ ಬಲ್ಬ್ ಸರಿಯಾಗಿ ಕೂರದೆ ಸ್ವಲ್ಪ ತಿರುಗಿಯೂ ಇತ್ತು.

ಎಲ್‌ಇಡಿಯೇ ಕೆಟ್ಟದ್ದು ಅಂತ ಯಾರೂ ತಿಳಿಯಬಾರದು. ಕಂಪನಿಯಿಂದಲೇ ಎಲ್‌ಇಡಿ ಹೆಡ್‌ಲೈಟ್ ಇರುವ ಗಾಡಿಗಳಲ್ಲಿ ರಿಫ್ಲೆಕ್ಟರ್, ಲೆನ್ಸ್ ಎಲ್ಲ ಅದಕ್ಕೆಂದೇ ಮಾಡಿದ್ದು. ಹ್ಯಾಲೋಜನ್ ಮನೆಯಲ್ಲಿ ಎಲ್‌ಇಡಿ ಕೂರಿಸುವುದು ತಪ್ಪು.

ಇನ್ನೊಂದು ವಿಷಯ ನನಗೆ ಹೊಸದು. ಭಾವ ಮೆಚ್ಚಿದ್ದ ಹಗಲಿನಂಥ ಬೆಳಕು ಬಿದ್ದಿದ್ದು ಕಾರಿನ ಮುಂದಿನ ಸ್ವಲ್ಪ ದೂರಕ್ಕೆ ಮಾತ್ರ. ಹತ್ತಿರ ಬೆಳಕು ಜಾಸ್ತಿಯಾದಷ್ಟೂ ಕಣ್ಣು ಅದಕ್ಕೇ ಹೊಂದಿಕೊಳ್ಳುತ್ತದೆ, ದೂರದ ಕತ್ತಲೆ ಇನ್ನಷ್ಟು ಕಪ್ಪಾಗುತ್ತದೆ. ಅಂದರೆ ದುಡ್ಡು ಕೊಟ್ಟು ದೂರದ ನೋಟವನ್ನು ಕಡಿಮೆ ಮಾಡಿಕೊಂಡ ಹಾಗಾಯಿತು. ಡ್ರೈವರಿಗೆ ಮಾತ್ರ ಚೆನ್ನಾಗಿ ಕಾಣ್ತಿದೆ ಅನ್ನಿಸುತ್ತದೆ.

ಆಮೇಲೆ ಡಿಕ್ಕಿ. ಅವತ್ತಿನಷ್ಟೇ ಭಾರವನ್ನು ಅಂದಾಜಿನಲ್ಲಿ ತುಂಬಿದೆವು. ಎರಡು ಅಕ್ಕಿ ಚೀಲ ಇಟ್ಟು, ಗ್ಯಾರೇಜಿನ ಇಬ್ಬರು ಹುಡುಗರನ್ನು ಹಿಂದೆ ಕೂರಿಸಿದೆವು. ಕಾರಿನ ಹಿಂಭಾಗ ಸುಮಾರು 5 ಸೆಂ.ಮೀ. ಕುಗ್ಗಿತು. ಇಷ್ಟೇನಾ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ನಮ್ಮ ಕಾರಿನ ಹೆಡ್‌ಲೈಟ್ ನೆಲದಿಂದ 65 ಸೆಂ.ಮೀ. ಎತ್ತರದಲ್ಲಿದೆ. ಸರಿಯಾಗಿ ಹೊಂದಿಸಿದ ಲೋ ಬೀಮ್ ಶೇ. 1ರಷ್ಟು ಕೆಳಗೆ ಬಾಗಿರುತ್ತದೆ, ಅಂದರೆ 10 ಮೀಟರ್‌ಗೆ 10 ಸೆಂ.ಮೀ. ಹಾಗಿದ್ದರೆ ಆ ಗೆರೆ 65 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ಮುಂದಿನ, ಹಿಂದಿನ ಚಕ್ರಗಳ ನಡುವೆ ಸುಮಾರು 240 ಸೆಂ.ಮೀ. ಹಿಂದೆ 5 ಸೆಂ.ಮೀ. ಕುಗ್ಗಿದರೆ ಇಡೀ ಕಾರು ಶೇ. 2ರಷ್ಟು ಮೂಗು ಎತ್ತುತ್ತದೆ. ಕೆಳಗೆ ಶೇ. 1 ಬಾಗಿದ್ದ ಬೆಳಕು ಈಗ ಶೇ. 1ರಷ್ಟು ಮೇಲಕ್ಕೆ ಏರುತ್ತದೆ. ಹಾಗಾಗಿ 80 ಮೀಟರ್ ದೂರದಲ್ಲಿ ಅದು ನೆಲದಿಂದ 145 ಸೆಂ.ಮೀ. ಎತ್ತರಕ್ಕೆ ಹೋಗುತ್ತದೆ. ಪಿಕಪ್ ಡ್ರೈವರಿನ ಕಣ್ಣು ಇರುವುದೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ.

ಇದಕ್ಕಾಗಿಯೇ ಕಾರಿನಲ್ಲಿ ಒಂದು ಸ್ವಿಚ್ ಇದೆ. ಸ್ಟಿಯರಿಂಗಿನ ಬಲಗಡೆ, 0, 1, 2, 3 ಅಂತ ಬರೆದ ಚಕ್ರ. ಒಬ್ಬರೇ ಇದ್ದರೆ 0. ಜನ, ಸಾಮಾನು ಜಾಸ್ತಿಯಾದ ಹಾಗೆ ಮೇಲಿನ ನಂಬರು. ನಂಬರು ಜಾಸ್ತಿ ಮಾಡಿದರೆ ಬೆಳಕು ತಗ್ಗುತ್ತದೆ. ಭಾವ ಎಂಟು ವರ್ಷದಿಂದ ಆ ಕಾರು ಓಡಿಸುತ್ತಿದ್ದಾರೆ. ಆ ಚಕ್ರ ಒಂದು ದಿನವೂ 0 ಬಿಟ್ಟು ಕದಲಿರಲಿಲ್ಲ. ನನ್ನ ಕಾರಿನಲ್ಲೂ ಕದಲಿರಲಿಲ್ಲ. ಆಮೇಲೆ ಸ್ಟಾಫ್ ರೂಮಿನಲ್ಲಿ ಕೇಳಿದೆ. ಕಾರು ಇರುವ ಏಳು ಜನರಲ್ಲಿ ಒಬ್ಬರಿಗೆ ಮಾತ್ರ ಅದು ಏನಂತ ಗೊತ್ತಿತ್ತು.

ಡ್ರೈವರ್ ಹೇಳಿದ್ದು

ಇಷ್ಟಾದ ಮೇಲೆ ಅವನಿಗೆ ಫೋನ್ ಮಾಡದೆ ಇರಲು ಆಗಲಿಲ್ಲ. ಒಂದು ದಿನ ಮೀನು ಇಳಿಸಿದ ಮೇಲೆ ಬಸ್ ಸ್ಟ್ಯಾಂಡ್ ಹತ್ತಿರ ಚಹಾ ಅಂಗಡಿಗೆ ಬಂದ. ಇಪ್ಪತ್ತೆಂಟು ಮೂವತ್ತರ ಹುಡುಗ. ನಾನು ಮೊದಲು ಕ್ಷಮೆ ಕೇಳಿದೆ. ಆಮೇಲೆ ಅವನು ಹೇಳಿದ.

'ನಿಮ್ ಲೈಟೂ ನನ್ ಕಣ್ಣಿಗೇ ಹೊಡೀತಿತ್ತು ಮಾಸ್ತರ್ರೆ. ನಾನು ಎರಡು ಸಲ ಡಿಪ್ ಮಾಡಿ ಅಂತ ಹೊಡ್ದೆ. ನೀವು ಮಾಡ್ಲಿಲ್ಲ. ಮತ್ತೆ ನೀವೇ ಹೊಡದ್ರಿ. ನನಗೆ ಏನೂ ಕಾಣ್ಲಿಲ್ಲ, ಅದ್ಕೇ ಬಾರ್ ಲೈಟ್ ಹಾಕ್ದೆ. ಸಿಟ್ಟಿಗೆ ಹಾಕಿದ್ದಲ್ಲ, ನಂಗೆ ರಸ್ತೆ ಕಾಣ್ಬೇಕಿತ್ತಲ್ಲ?'

ಅಂದರೆ ನಾವು ಡಿಪ್ ಮಾಡಿದ್ದೆವು. ಅವನಿಗೆ ಅದು ಡಿಪ್ ಅಂತ ಕಾಣಲೇ ಇಲ್ಲ. ನಮಗೆ ಅವನು ಒರಟ, ಅವನಿಗೆ ನಾವು ಒರಟರು. ಆ ತಿರುವಿನಲ್ಲಿ ಇಬ್ಬರಿಗೂ ಒಟ್ಟಿಗೇ ಕಣ್ಣು ಕಟ್ಟಿತ್ತು. ಅವನ ಎಡಕ್ಕೂ ಅಂಥದ್ದೇ ಅಂಚು ಇತ್ತು, ಹಳ್ಳದ ಕಡೆಯದು. ಅವನು ನಿಲ್ಲಿಸಿಬಿಟ್ಟಿದ್ದರಿಂದ ಬಚಾವಾದ.

ಬಾರ್ ಲೈಟು ಯಾಕೆ ಹಾಕಿಸಿದೆ ಅಂತ ಕೇಳಿದೆ. ಅವನ ಗಾಡಿ ಹನ್ನೊಂದು ವರ್ಷದ್ದು. ದಿನಾ ಬಂದರಿನ ಉಪ್ಪು ಗಾಳಿ, ಮೀನಿನ ನೀರು. ಹೆಡ್‌ಲೈಟಿನ ಒಳಗಿನ ರಿಫ್ಲೆಕ್ಟರ್ ಮಾಸಿ ಹೋಗಿದೆ, ಹೊರಗಿನ ಪ್ಲಾಸ್ಟಿಕ್ ಹಳದಿಯಾಗಿದೆ. ವಯರಿಂಗ್ ಜೋಡಣೆಗಳಿಗೆ ತುಕ್ಕು ಹಿಡಿದು ಬಲ್ಬಿಗೆ ಪೂರ್ತಿ ವೋಲ್ಟೇಜ್ ಸಿಗುವುದಿಲ್ಲ. ಹ್ಯಾಲೋಜನ್ ಬಲ್ಬ್ ಅಂದರೆ ಹಾಗೆಯೇ, ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ಬಹಳ ಇಳಿಯುತ್ತದೆ. ಘಟ್ಟದಲ್ಲಿ ರಾತ್ರಿ ಹಂದಿ ಅಡ್ಡ ಬರುತ್ತದೆ, ದನ ಮಲಗಿರುತ್ತದೆ. ಮೇಣದ ಬತ್ತಿಯಂಥ ಬೆಳಕಿನಲ್ಲಿ ಹೇಗೆ ಹೋಗುವುದು? ಯಾರೋ 1,200 ರೂಪಾಯಿಗೆ ಬಾರ್ ಲೈಟ್ ಹಾಕಿಕೊಟ್ಟರು. ಅವನ ಜಾಗದಲ್ಲಿ ನಾನಿದ್ದರೂ ಹಾಕಿಸುತ್ತಿದ್ದೆ ಅನ್ನಿಸಿತು.

ಯಾರೂ ಇನ್ನೊಬ್ಬರ ಕಣ್ಣಿಗೆ ಹೊಡೆಯಬೇಕು ಅಂತ ಲೈಟು ಹಾಕಿಸುವುದಿಲ್ಲ. ತಮ್ಮ ಲೈಟು ಮಂಕಾಗಿದೆ, ಅಥವಾ ತಮ್ಮ ಕಣ್ಣು ಮಂಕಾಗಿದೆ, ಅದಕ್ಕೆ ಹಾಕಿಸುತ್ತಾರೆ. ಒಬ್ಬ ಹಾಕಿಸಿದ ಮೇಲೆ ಎದುರಿನವನಿಗೆ ಕಾಣುವುದಿಲ್ಲ, ಅವನೂ ಹಾಕಿಸುತ್ತಾನೆ. ನಮ್ಮ ಘಟ್ಟದ ರಸ್ತೆಗಳಲ್ಲಿ, ಅದರಲ್ಲೂ ಲಾರಿಗಳು ಸಾಲುಗಟ್ಟುವ ಅರಬೈಲ್ ಘಟ್ಟದಲ್ಲಿ, ಇದು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿರುವುದನ್ನು ನೋಡುತ್ತಿದ್ದೇನೆ. ನನಗೆ ನಿಜಕ್ಕೂ ಹೆದರಿಕೆಯಾಗುತ್ತದೆ. ಚಿಕ್ಕವನಿದ್ದಾಗ ಲಾರಿ, ಬಸ್ಸುಗಳ ಹೆಡ್‌ಲೈಟಿಗೆ ಕಪ್ಪು ಬಣ್ಣ ಬಳಿದಿರುವುದನ್ನು ನೋಡಿದ್ದೆ. ದೃಷ್ಟಿ ಬೊಟ್ಟು ಅಂದುಕೊಂಡಿದ್ದೆ. ಎದುರಿನವರ ಕಣ್ಣಿಗೆ ಹೊಡೆಯಬಾರದು ಅಂತ ಬಳಿಯುತ್ತಿದ್ದರಂತೆ.

ಬಲ ತಿರುವಿನ ಒಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಲೋ ಬೀಮ್ ಎಡಗಡೆ ಮೇಲಕ್ಕೆ ಏರುತ್ತದೆ ಅಂದೆನಲ್ಲ. ನೇರ ರಸ್ತೆಯಲ್ಲಿ ಅದು ರಸ್ತೆಯಂಚಿಗೆ ಬೀಳುತ್ತದೆ. ಆದರೆ ನಮಗೆ ಬಲ ತಿರುವು ಅಂದರೆ ಎದುರಿನವನಿಗೆ ಎಡ ತಿರುವು. ಅವನಿಗೆ ನಾವು ಕಾಣುವುದು ಅವನ ಎಡಗಡೆಯಲ್ಲೇ. ಅವನ ಏರಿದ ಬೆಳಕು ನೇರವಾಗಿ ನಮ್ಮ ಮುಖಕ್ಕೆ ಬೀಳುತ್ತದೆ, ಅದೂ ನಾವು ತಿರುವಿನ ಹೊರ ಅಂಚಿನಲ್ಲಿ ಇರುವಾಗ. ಹಾಗಾಗಿ ಎಲ್ಲವೂ ಸರಿಯಿರುವ ಗಾಡಿ ಎದುರಾದರೂ ಬಲ ತಿರುವಿನಲ್ಲಿ ಕಣ್ಣಿಗೆ ಸ್ವಲ್ಪ ಹೊಡೆಯುವುದೇ. ಬೆಳಕು ಕಂಡ ಕೂಡಲೆ, ತಿರುವಿಗೆ ಹೋಗುವ ಮೊದಲೇ ಸ್ಪೀಡು ಇಳಿಸಬೇಕು. ಗಂಟೆಗೆ 40 ಕಿ.ಮೀ. ಅಂದರೆ ಸೆಕೆಂಡಿಗೆ 11 ಮೀಟರ್. ನಮಗೆ ಎರಡು ಸೆಕೆಂಡ್ ಏನೂ ಕಾಣಲಿಲ್ಲ ಅಂದರೂ 22 ಮೀಟರ್ ಕುರುಡಾಗಿ ಹೋದೆವು.

ಭಾವನ ಕಣ್ಣು

ಈ ಪ್ರಕರಣದಲ್ಲಿ ನನಗೆ ಬಹಳ ದಿನ ಬಗೆಹರಿಯದೆ ಉಳಿದಿದ್ದು ಒಂದು ಸಂಗತಿ. ನಾನೂ ಅದೇ ಬೆಳಕನ್ನು ನೋಡಿದ್ದೆ. ನನಗೂ ಕಣ್ಣು ಕುಕ್ಕಿತು, ಆದರೆ ಕ್ಷಣದಲ್ಲಿ ಗುಡ್ಡದ ಅಂಚು ಮಸುಕಾಗಿ ಕಂಡಿತ್ತು. ಭಾವನಿಗೆ ಚರಂಡಿಗೆ ಬಿದ್ದ ಮೇಲೂ ಸ್ವಲ್ಪ ಹೊತ್ತು ಏನೂ ಕಾಣಿಸಿರಲಿಲ್ಲ.

ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಜೋರು ಬೆಳಕು ಬಿದ್ದರೆ ಆ ಹೊಂದಾಣಿಕೆ ಒಂದೇ ಕ್ಷಣದಲ್ಲಿ ಕೆಡುತ್ತದೆ. ಮತ್ತೆ ರಸ್ತೆ ಕಾಣುವಷ್ಟು ಸುಧಾರಿಸಲು ಕೆಲವು ಸೆಕೆಂಡ್ ಹಿಡಿಯುತ್ತದೆ. ವಯಸ್ಸಾದ ಹಾಗೆ ಈ ಹೊತ್ತು ಜಾಸ್ತಿಯಾಗುತ್ತದೆ. ಅದರ ಜೊತೆ ಕಣ್ಣಿನೊಳಗಿನ ಮಸೂರ ಸ್ವಲ್ಪ ಸ್ವಲ್ಪವೇ ಮಬ್ಬಾಗುತ್ತದೆ. ಮಬ್ಬಾದ ಮಸೂರದಲ್ಲಿ ಬೆಳಕು ನೆಟ್ಟಗೆ ಹೋಗದೆ ಚದುರುತ್ತದೆ, ಕಣ್ಣಿನ ಒಳಗೇ ಮಂಜು ಕವಿದ ಹಾಗೆ. ಎದುರಿನ ದೀಪ ಒಂದು ಚುಕ್ಕಿಯಾಗಿ ಕಾಣುವ ಬದಲು ದೊಡ್ಡ ಹೂವಿನ ಹಾಗೆ ಅರಳುತ್ತದೆ. ಅದರ ಹಿಂದಿನದ್ದೆಲ್ಲ ಮುಚ್ಚಿಹೋಗುತ್ತದೆ.

ಭಾವನನ್ನು ಶಿರಸಿಯ ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಹಗಲಿನಲ್ಲಿ ಗೋಡೆಯ ಅಕ್ಷರ ಓದುವ ಪರೀಕ್ಷೆಯಲ್ಲಿ ಅವರು ಹೆಚ್ಚುಕಡಿಮೆ ಪಾಸು. ಆದರೆ ಬಲಗಣ್ಣಿನಲ್ಲಿ ಪೊರೆ ಶುರುವಾಗಿತ್ತು, ಎಡಗಣ್ಣಿನಲ್ಲೂ ಸ್ವಲ್ಪ. ಡಾಕ್ಟರ್ ಕೇಳಿದರು, 'ರಾತ್ರಿ ಎದುರಿನ ಲೈಟಿನ ಸುತ್ತ ಬಳೆ ಹಾಗೆ ಕಾಣ್ತದಾ?' ಭಾವ ಹೌದು ಅಂದರು. ಎರಡು ವರ್ಷದಿಂದ ಕಾಣುತ್ತಿತ್ತಂತೆ. ಎಲ್ಲರಿಗೂ ಹಾಗೇ ಕಾಣ್ತದೆ ಅಂದುಕೊಂಡಿದ್ದರಂತೆ. ಪೊರೆ ಇನ್ನೂ ಹಗಲಿನ ಓದಿಗೆ ತೊಂದರೆ ಕೊಡುವ ಮೊದಲೇ ರಾತ್ರಿಯ ಲೈಟಿನಲ್ಲಿ ಹೀಗೆ ಸುಳಿವು ಕೊಡುತ್ತದೆ. ಮನೆಯಲ್ಲಿ ಐವತ್ತೈದು ದಾಟಿದ ಯಾರಾದರೂ 'ಈಗೀಗ ಎಲ್ಲರ ಲೈಟೂ ಭಯಂಕರ ಆಗಿದೆ' ಅಂದರೆ, ಲೈಟಿಗೆ ಬೈಯುವುದರ ಜೊತೆಗೆ ಒಂದು ಸಲ ಕಣ್ಣೂ ತೋರಿಸಿ.

ರಾತ್ರಿ ಓಡಿಸಲು ಅಂತ ಮಾರುವ ಹಳದಿ ಕನ್ನಡಕವನ್ನು ಭಾವ ಆಗಲೇ ಕೊಂಡಿದ್ದರು. ಅದನ್ನು ತೆಗೆದಿಡಲು ಹೇಳಿದ್ದೇನೆ. ಅದು ಬೆಳಕನ್ನು ಸ್ವಲ್ಪ ನುಂಗುತ್ತದೆ, ಹಾಯೆನಿಸುತ್ತದೆ. ಆದರೆ ಕತ್ತಲೆಯಲ್ಲಿ ನಡೆದು ಹೋಗುವವರಿಂದ ಬರುವ ಬೆಳಕೂ ಅದರ ಜೊತೆಗೇ ಕಡಿಮೆಯಾಗುತ್ತದೆ. ನಂಬರಿನ ಕನ್ನಡಕ ಇದ್ದವರು ಅದಕ್ಕೇ ಪ್ರತಿಫಲನ ತಡೆಯುವ ಲೇಪ ಹಾಕಿಸಿಕೊಂಡರೆ ಅದು ಉಪಯೋಗಕ್ಕೆ ಬರುತ್ತದೆ.

ಕಾರಿನ ಮುಂದಿನ ಗಾಜಿನದ್ದೂ ಒಂದು ಪಾಲಿತ್ತು. ಹೊರಗಡೆ ಹಳೇ ವೈಪರ್ ಗೀರಿದ ಬಿಲ್ಲಿನಂಥ ಗೆರೆಗಳು. ಒಳಗಡೆ ಬೆರಳಿಟ್ಟರೆ ಅಂಟುವಂಥ ತೆಳು ಪೊರೆ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಬಿಸಿಲಿಗೆ ಬಿಡುವ ಆವಿ, ದಿನಾ ಬೆಳಿಗ್ಗೆ ಭಾವ ಗಣಪತಿಗೆ ಹಚ್ಚುವ ಊದುಬತ್ತಿಯ ಹೊಗೆ ಎಲ್ಲ ಅಲ್ಲಿ ಕೂತಿತ್ತು. ಹಗಲಿನಲ್ಲಿ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ. ಎದುರಿನಿಂದ ಬೆಳಕು ಬಿದ್ದಾಗ ಮಾತ್ರ ಇಡೀ ಗಾಜು ಹೊಳೆಯುತ್ತದೆ. ನಾನು ಹೇಳಿದ ಬಿಳಿ ಬಟ್ಟೆ ಅದೇ. ಕಾರವಾರ, ಅಂಕೋಲಾ ಕಡೆ ಸಮುದ್ರದ ಬದಿ ಗಾಡಿ ನಿಲ್ಲಿಸುವವರಿಗೆ ಹೊರಗಿನಿಂದ ಉಪ್ಪಿನ ಪೊರೆಯೂ ಸೇರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಅದು ಹೋಗುವುದಿಲ್ಲ, ಗೀರುತ್ತದೆ. ಮೊದಲು ನೀರು ಹಾಕಿ ತೊಳೆಯಬೇಕು.

ಏನು ಮಾಡಿದೆವು

ಎಲ್‌ಇಡಿ ತೆಗೆಸಿ ಕಂಪನಿಯ 60/55 ವಾಟ್ ಬಲ್ಬ್ ಹಾಕಿಸಿದೆವು. ಗೋಡೆಗೆ ಹಿಡಿದು, ಸ್ಕ್ರೂ ತಿರುಗಿಸಿ ಎರಡೂ ಬೆಳಕನ್ನು ಹೊಂದಿಸಿದರು. 25 ಅಡಿಗೆ ಗೆರೆ ಹೆಡ್‌ಲೈಟಿನ ಎತ್ತರಕ್ಕಿಂತ ಏಳೂವರೆ ಸೆಂ.ಮೀ. ಕೆಳಗೆ. ಗಾಜಿನ ಒಳಗಡೆ ಸೋಪು ನೀರಿನಲ್ಲಿ ಎರಡು ಸಲ ಒರೆಸಿದೆವು, ವೈಪರ್ ರಬ್ಬರ್ ಬದಲಾಯಿಸಿದೆವು. ಇಷ್ಟಕ್ಕೆಲ್ಲ ಸಾವಿರ ರೂಪಾಯಿಯೂ ಆಗಲಿಲ್ಲ. ಚರಂಡಿಗೆ ಬಿದ್ದಿದ್ದರ ರಿಪೇರಿಗೆ 14,600 ಆಗಿತ್ತು.

ಜನವರಿ ಕೊನೆಗೆ ನಾನು ಅದೇ ಕಾರನ್ನು ಅದೇ ಹೊತ್ತಿಗೆ ಘಟ್ಟ ಇಳಿಸಿದೆ. ಮೊದಲ ಹತ್ತು ನಿಮಿಷ ಬೆಳಕು ಸಾಲದು ಅನ್ನಿಸಿತು. ರಾಗಿಹೊಸಳ್ಳಿ ದಾಟುವಷ್ಟರಲ್ಲಿ ಕಣ್ಣು ಹೊಂದಿಕೊಂಡಿತು. ದೂರದ ಮರದ ಬುಡ ಕಾಣತೊಡಗಿತು. ಮಂಜಿನಲ್ಲೂ ಹಳದಿ ಮಿಶ್ರಿತ ಬೆಳಕು ಹಿತವಾಗಿತ್ತು. ಎಷ್ಟೋ ಗಾಡಿ ಎದುರಾದವು. ಒಬ್ಬರೂ ನನಗೆ ಲೈಟು ಮಿನುಗಿಸಲಿಲ್ಲ. ನನಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಕಣ್ಣಿಗೆ ಹೊಡೆಯುವವು ಬಂದಾಗ ಸ್ಪೀಡು ಇಳಿಸಿ, ದೀಪ ನೋಡದೆ ಎಡಗಡೆಯ ಅಂಚು ನೋಡಿದೆ. ಎರಡು ಕಡೆ ಪೂರ್ತಿ ನಿಲ್ಲಿಸಿದೆ. ಸಿಟ್ಟು ಬಂದರೂ ಹೈ ಬೀಮ್ ಹಾಕಿ ಉತ್ತರ ಕೊಡಲಿಲ್ಲ. ಎದುರಿನವನಿಗೆ ಕಾಣದಿದ್ದರೆ ಅವನು ಬಂದು ಬೀಳುವುದು ನಮ್ಮ ಮೇಲೇ ಅಲ್ವಾ?

ಕಾನೂನೂ ಸ್ಪಷ್ಟವಾಗಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೇ ನಿಯಮ ಇದಕ್ಕೆಂದೇ ಇದೆ. ದೀಪದಿಂದ 8 ಮೀಟರ್ ದೂರದಲ್ಲಿ, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಣ್ಣಿರುವ ಮನುಷ್ಯನಿಗೆ ಕಣ್ಣು ಕುಕ್ಕದ ಹಾಗೆ ಬೆಳಕು ಕೆಳಗೆ ಬಾಗಿರಬೇಕು. ಕಂಪನಿ ಕೊಟ್ಟಿದ್ದನ್ನು ಬೇಕಾದ ಹಾಗೆ ಬದಲಾಯಿಸಿದರೆ, 2019ರ ತಿದ್ದುಪಡಿಯ ಪ್ರಕಾರ, ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು. 2024ರ ಜುಲೈಯಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಲೈಟುಗಳ ಮೇಲೆ ಕೇಸು ಹಾಕಲು ಹೊರಟಾಗ ಎಲ್ಲ ಕಡೆ ಮಾತಾಯಿತು. ದಂಡ ಬೇಕು. ಆದರೆ ದಂಡ ಕಟ್ಟಿದವನ ಮಂಕು ಹೆಡ್‌ಲೈಟು ಮಂಕಾಗಿಯೇ ಇದ್ದರೆ ಅವನು ಮತ್ತೆ ಬಾರ್ ಲೈಟ್ ಹಾಕಿಸುತ್ತಾನೆ. ತಾಲೂಕಿಗೊಂದು ಕಡೆ ವರ್ಷಕ್ಕೊಮ್ಮೆ, ಮಳೆಗಾಲದ ಮೊದಲು, ಗೋಡೆಗೆ ಹಿಡಿದು ಲೈಟು ಹೊಂದಿಸಿಕೊಡುವ ಕೆಲಸ ನಡೆದರೆ ಎಷ್ಟೋ ಜೀವ ಉಳಿದೀತು. ಅದಕ್ಕೆ ಬೇಕಾಗುವುದು ಸಮತಟ್ಟು ಜಾಗ, ಒಂದು ಬಿಳಿ ಗೋಡೆ, ಒಬ್ಬ ಮೆಕ್ಯಾನಿಕ್.

ರಸ್ತೆಯ ಕಡೆಯಿಂದ ಆಗಬೇಕಾದ್ದೂ ಇದೆ. ಕರಾವಳಿಯ 66ನೇ ಹೆದ್ದಾರಿಯಲ್ಲಿ ನಾಲ್ಕು ಪಥ ಇರುವ ಕಡೆ ನಡುವೆ ಕಣಗಿಲೆಯಂಥ ಗಿಡಗಳಿದ್ದರೆ ಎದುರಿನ ಬೆಳಕನ್ನು ಅವು ಬಹಳ ತಡೆಯುತ್ತವೆ. ಘಟ್ಟದ ಎರಡು ಪಥದ ರಸ್ತೆಗೆ ಆ ಭಾಗ್ಯ ಇಲ್ಲ. ಅಲ್ಲಿ ಬಿಳಿ ಅಂಚುಗೆರೆ ಮತ್ತು ರಸ್ತೆಗೆ ಕೂರಿಸುವ, ಬೆಳಕಿಗೆ ಹೊಳೆಯುವ ಕ್ಯಾಟ್ ಐಗಳೇ ಕಣ್ಣು. ಡಾಂಬರು ಹಾಕಿದ ದಿನ ಗೆರೆ ಎಳೆಯಲು ಆಗದಿದ್ದರೆ, ಚರಂಡಿಯ ಅಂಚಿಗೆ ಸುಣ್ಣ ಬಳಿದ ಕಲ್ಲಾದರೂ ಇಡಬಹುದಿತ್ತು. ಅವತ್ತು ಅಷ್ಟಿದ್ದಿದ್ದರೂ ಭಾವ ಎಡಕ್ಕೆ ಅಷ್ಟು ಸರಿಯುತ್ತಿರಲಿಲ್ಲ.

ಭಾವ ಈಗ ಕತ್ತಲಾದ ಮೇಲೆ ಕಾರು ತೆಗೆಯುವುದಿಲ್ಲ. ಬಲಗಣ್ಣಿನ ಆಪರೇಷನ್‌ಗೆ ಒಪ್ಪಿದ್ದಾರೆ, ಅಕ್ಕ ಮುಂಬೈಯಿಂದ ಬಂದ ಮೇಲೆ.

ಪಿಕಪ್ಪಿನ ಹುಡುಗ ಬಾರ್ ಲೈಟ್ ತೆಗೆಸಿದ್ದಾನೆ. ಹೊಸ ಡೂಮ್ ಎರಡು ಹಾಕಿಸಿ, ಬಲ್ಬಿಗೆ ಬ್ಯಾಟರಿಯಿಂದ ನೇರ ವಯರು ಎಳೆಸಿ ರಿಲೇ, ಅಂದರೆ ಬಲ್ಬಿಗೆ ಪೂರ್ತಿ ಕರೆಂಟು ಕೊಡುವ ಸ್ವಿಚ್ಚು, ಕೂರಿಸಿಕೊಂಡ. ಖರ್ಚಿನಲ್ಲಿ ಅರ್ಧ ಭಾವ ಕೊಟ್ಟರು. ಅವನು ಬೇಡ ಅಂದರೂ ಕೊಟ್ಟರು. ಬೆಳಕು ಚೆನ್ನಾಗಿದೆಯಂತೆ. ಆದರೆ ಗೋಡೆಗೆ ಹಿಡಿದು ನೋಡುವುದು ಬಾಕಿ ಇದೆ. ಖಾಲಿ ಗಾಡಿ ಹಿಡಿದು ಹೊಂದಿಸಿದರೆ ಪ್ರಯೋಜನ ಇಲ್ಲ, ಐಸು, ಮೀನು ತುಂಬಿದಾಗ ಅದರ ಹಿಂಭಾಗ ನಮ್ಮ ಕಾರಿಗಿಂತ ಜಾಸ್ತಿ ಕುಗ್ಗುತ್ತದೆ. ಹಾಗಾಗಿ ಲೋಡ್ ಇರುವಾಗಲೇ ಬರಬೇಕು. ಅವನು ಶಿರಸಿ ಮುಟ್ಟುವುದು ಬೆಳಿಗ್ಗೆ ಐದಕ್ಕೆ. ಬುಧವಾರ ಐದಕ್ಕೇ ಶಟರ್ ತೆಗೆದಿಡುತ್ತೇನೆ ಅಂತ ಮೆಕ್ಯಾನಿಕ್ ಒಪ್ಪಿದ್ದಾರೆ. ನಾನೂ ಹೋಗುತ್ತೇನೆ, ಅಳತೆ ಪಟ್ಟಿ ತೆಗೆದುಕೊಂಡು.